ಅರಮನೆಗೂ ಹಡಗಿಗೂ ಒಂದೇ ಬೊಕ್ಕಸ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಮಿಂಗ್ ಅರಸುಮನೆತನದ ಕಾಲದ ಚೀನಾದ ನೌಕಾಯಾನಗಳ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆ ಯಾನಗಳ ನಾಯಕ ಝೆಂಗ್ ಹೇಯನ್ನು ‘ಚೀನಾದ ಕೊಲಂಬಸ್’ ಎಂದು ಕರೆದಿರುವ ಲೇಖಕರು, ದೂರದೃಷ್ಟಿಯಿಲ್ಲದ ಮಂತ್ರಿಗಳು ಆ ಯಾನಗಳನ್ನು ನಿಲ್ಲಿಸದೆ ಇದ್ದಿದ್ದರೆ ಜಗತ್ತಿನ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ಹಳಹಳಿಸಿದ್ದಾರೆ. ಇದಕ್ಕೆ ನನ್ನ ತಕರಾರಿದೆ. ಹಡಗುಗಳನ್ನು ಕಳಿಸಿದ ಅರಸನೇ ಅದೇ ವರ್ಷಗಳಲ್ಲಿ ಕಟ್ಟಿಸುತ್ತಿದ್ದ ಅರಮನೆಯನ್ನು ಲೇಖನ ಒಂದು ವಾಕ್ಯದಲ್ಲಿ ದಾಟಿಬಿಟ್ಟಿದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದಾಗ ಮಾತ್ರ ಮಂತ್ರಿಗಳು ಖಳರಾಗಿ ಕಾಣುತ್ತಾರೆ.

ಆ ಅರಸ, ಯೋಂಗ್ಲೆ ಚಕ್ರವರ್ತಿ, ನ್ಯಾಯವಾಗಿ ಪಟ್ಟಕ್ಕೆ ಬಂದವನಲ್ಲ. ಅಣ್ಣನ ಮಗನ ಮೇಲೆ ದಂಡೆತ್ತಿ ಹೋಗಿ, 1402ರಲ್ಲಿ ಆಗಿನ ರಾಜಧಾನಿ ನಾನ್‌ಜಿಂಗ್ ಹಿಡಿದು ಸಿಂಹಾಸನ ಕಿತ್ತುಕೊಂಡವನು. ಇಂಥ ಅರಸನಿಗೆ ತಾನೇ ದೈವಾನುಗ್ರಹ ಪಡೆದವನೆಂದು ಒಳಗಿನವರಿಗೂ ಹೊರಗಿನವರಿಗೂ ತೋರಿಸಿಕೊಳ್ಳುವ ಅಗತ್ಯ ಉಳಿದವರಿಗಿಂತ ಹೆಚ್ಚು. 1405ರಲ್ಲಿ ಇಪ್ಪತ್ತೇಳು ಸಾವಿರಕ್ಕೂ ಮಿಕ್ಕಿ ಜನರನ್ನು ಹೊತ್ತ ಮೊದಲ ನೌಕಾಪಡೆ ಹೊರಟಿತು. ಮರುವರ್ಷವೇ, ತನ್ನ ಹಳೆಯ ನೆಲೆಯಾದ ಬೀಜಿಂಗ್‌ನಲ್ಲಿ ಅರಮನೆ ಕಟ್ಟಲು ಅವನ ಆಜ್ಞೆಯಾಯಿತು. ಇಂದು ನಿಷಿದ್ಧ ನಗರವೆಂದು ಹೆಸರಾದ, ಎಪ್ಪತ್ತೆರಡು ಹೆಕ್ಟೇರ್ ವಿಸ್ತಾರದ ಆ ಅರಮನೆಯ ಕಂಬಗಳಿಗಾಗಿ ನೈರುತ್ಯದ ಸಿಚುವಾನ್ ಮೊದಲಾದ ಕಡೆಯ ಕಾಡುಗಳಲ್ಲಿ ನಾನ್ಮು ಮರ ಕಡಿಸಿ, ಮಳೆಗಾಲದ ಪ್ರವಾಹಕ್ಕೆ ಕಾದು ನದಿಗಳಲ್ಲಿ ತೇಲಿಬಿಡುತ್ತಿದ್ದರು. ನೆಲಕ್ಕೆ ಹಾಸುವ ಇಟ್ಟಿಗೆ ಸುಝೌನಿಂದ ಬರುತ್ತಿತ್ತು. ದಕ್ಷಿಣದ ಅಕ್ಕಿ ಉತ್ತರಕ್ಕೆ ತಲುಪಲೆಂದು ಹೂಳು ತುಂಬಿದ್ದ ಮಹಾಕಾಲುವೆಯನ್ನು 1411ರಿಂದ 1415ರೊಳಗೆ ತೆರೆಯಿಸಬೇಕಾಯಿತು. ಉತ್ತರದಲ್ಲಿ ಮಂಗೋಲರ ಮೇಲೆ, ದಕ್ಷಿಣದಲ್ಲಿ ವಿಯೆಟ್ನಾಂ ಮೇಲೆ ಯುದ್ಧಗಳು ಬೇರೆ. ಇವೆಲ್ಲಕ್ಕೂ ಹಣ ಹೊಂದಿಸುತ್ತಿದ್ದವನು ಶಿಯಾ ಯುವಾಂಜಿ ಎಂಬ ಒಬ್ಬನೇ ಹಣಕಾಸು ಮಂತ್ರಿ.

ಇನ್ನು ‘ಅನ್ವೇಷಣೆ’ಯ ಮಾತು. ಝೆಂಗ್ ಹೇ ಯುನ್ನಾನ್‌ನ ಮುಸ್ಲಿಂ ಮನೆತನದ ಹುಡುಗ. ಮಿಂಗ್ ಸೈನ್ಯದ ಕೈಗೆ ಸೆರೆಸಿಕ್ಕು, ಖೋಜಾ ಆಗಿ, ಯೋಂಗ್ಲೆಯ ನಂಬಿಕೆಯ ಸೇನಾನಿಯಾಗಿ ಬೆಳೆದವನು. ಅವನ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅವನು ಹೋದದ್ದು ಗೊತ್ತಿದ್ದ ದಾರಿಯಲ್ಲಿ. ಮೊದಲ ಯಾನದ ಗುರಿಯಾಗಿದ್ದ ಕಲ್ಲಿಕೋಟೆಯಲ್ಲಿ ಚೀನೀ ಹಡಗುಗಳು ನಿಂತಿರುವುದನ್ನು ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹದಿನಾಲ್ಕನೇ ಶತಮಾನದಲ್ಲೇ ಕಂಡು ಬರೆದಿದ್ದಾನೆ. ನಾಲ್ಕನೇ ಯಾನದಲ್ಲಿ ದುಭಾಷಿಯಾಗಿ ಬಂದ ಮಾ ಹುವಾನ್ ಅಲ್ಲಿನ ವ್ಯಾಪಾರವನ್ನು ಸೊಗಸಾಗಿ ವರ್ಣಿಸುತ್ತಾನೆ: ಎರಡೂ ಕಡೆಯವರು ಕೈಗೆ ಕೈ ಕೂಡಿಸಿ ಬೆಲೆ ಗೊತ್ತುಮಾಡಿದ ಮೇಲೆ, ಅದು ದುಬಾರಿಯಾಗಲಿ ಅಗ್ಗವಾಗಲಿ, ಯಾರೂ ಮಾತು ತಪ್ಪುವಂತಿಲ್ಲ, ಚೌಕಾಸಿ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. (ನಮ್ಮ ದನದ ಜಾತ್ರೆಗಳಲ್ಲಿ ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಕಂಡವರಿಗೆ ಇದು ತೀರ ಹೊಸದೆನಿಸದು.) ಹೊಸ ಭೂಮಿಗೆ ಕಾಲಿಟ್ಟವರ ವರ್ಣನೆ ಇದಲ್ಲ, ಪಳಗಿದ ಮಾರುಕಟ್ಟೆಯೊಂದಕ್ಕೆ ಬಂದ ದೊಡ್ಡ ಗಿರಾಕಿಯದು. ಆ ಗಿರಾಕಿಯ ಬೆನ್ನಿಗೆ ಸೈನ್ಯವಿತ್ತು ಎಂಬುದನ್ನೂ ಮರೆಯಬಾರದು. ಶ್ರೀಲಂಕಾದ ಅರಸ ಎದುರು ನಿಂತಾಗ, ಅವನನ್ನು ಸೆರೆಹಿಡಿದು 1411ರಲ್ಲಿ ನಾನ್‌ಜಿಂಗ್‌ಗೆ ಒಯ್ದದ್ದು ಇದೇ ‘ಶಾಂತಿಯಾತ್ರೆ’.

ಮುಖ್ಯ ಹಡಗುಗಳು ನೂರಿಪ್ಪತ್ತು ಮೀಟರಿಗೂ ಉದ್ದವಿದ್ದವು ಎಂಬುದನ್ನು ಲೇಖಕರು ನಿಶ್ಚಿತವೆಂಬಂತೆ ಬರೆದಿದ್ದಾರೆ. ‘ಮಿಂಗ್ ಚರಿತ್ರೆ’ ಎಂಬ ಗ್ರಂಥದಲ್ಲಿ ಅಂಥ ಅಳತೆ ಇರುವುದು ನಿಜ. ಅಷ್ಟು ಉದ್ದದ ಮರದ ಹಡಗು ಕಡಲಿನ ಅಲೆಗೆ ತಡೆಯದು ಎಂದು ನೌಕಾಶಿಲ್ಪ ಬಲ್ಲವರಲ್ಲಿ ಅನೇಕರು ಒಪ್ಪದಿರುವುದೂ ಅಷ್ಟೇ ನಿಜ.

ನಾನು ಮುಖ್ಯವಾಗಿ ಹೇಳಬೇಕಾದದ್ದು 1421ರ ಸಂಗತಿ. ಆ ವರ್ಷದ ಹೊಸವರ್ಷದ ದಿನ ಬೀಜಿಂಗ್ ವಿಧಿವತ್ತಾಗಿ ರಾಜಧಾನಿಯಾಯಿತು. ಮೇ ತಿಂಗಳಲ್ಲಿ ಸಿಡಿಲು ಬಡಿದು ಅರಮನೆಯ ಮೂರು ಮಹಾ ಸಭಾಂಗಣಗಳು ಸುಟ್ಟು ಬೂದಿಯಾದವು. ಮುಗಿಲಿನ ಮುನಿಸೆಂದೇ ಎಲ್ಲರೂ ತಿಳಿದರು. ಅರಸನೇ ತನ್ನ ತಪ್ಪೇನೆಂದು ಹೇಳಿರೆಂದು ಅಧಿಕಾರಿಗಳನ್ನು ಕೇಳಿದ, ಕೆಲವೇ ದಿನಗಳಲ್ಲಿ ಯಾನಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಆಜ್ಞಾಪಿಸಿದ. ಬೆಂಕಿ ಬಿದ್ದದ್ದು ಅರಮನೆಗೆ, ನಿಂತದ್ದು ಹಡಗು! ಎರಡರ ಬೊಕ್ಕಸವೂ ಒಂದೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕೇಳಿದನೆಂದು ನಂಬಿ, ರಾಜಧಾನಿ ಬದಲಿಸಿದ್ದೇ ತಪ್ಪೆಂದ ಶಿಯಾವೋ ಯಿ ಎಂಬ ಅಧಿಕಾರಿ ತಲೆ ಕಳೆದುಕೊಂಡ. ಮತ್ತೊಂದು ಮಂಗೋಲ್ ದಂಡಯಾತ್ರೆಗೆ ಹಣವಿಲ್ಲವೆಂದ ಶಿಯಾ ಯುವಾಂಜಿ ಅದೇ ವರ್ಷ ಸೆರೆಮನೆ ಸೇರಿದ. 1424ರಲ್ಲಿ ಯೋಂಗ್ಲೆ ದಂಡಯಾತ್ರೆಯಲ್ಲೇ ತೀರಿಕೊಂಡಾಗ ಅವನ ಮಗ ಈ ಮಂತ್ರಿಯನ್ನು ಬಿಡಿಸಿ ತಂದು, ಯಾನಗಳನ್ನು ರದ್ದುಮಾಡಿದ. ಹಸಿದ ಬೊಕ್ಕಸದ ಲೆಕ್ಕ ಬಲ್ಲವನ ಸಲಹೆಯನ್ನು ದೂರದೃಷ್ಟಿಯಿಲ್ಲದ್ದೆಂದು ಕರೆಯುವುದು ಅನ್ಯಾಯ. ಆಮೇಲೆ 1431ರಿಂದ 1433ರವರೆಗೆ ಮತ್ತೊಮ್ಮೆ ನಡೆದ ಏಳನೆಯದೇ ಕೊನೆಯ ಯಾನ. ಸುಟ್ಟ ಸಭಾಂಗಣಗಳು ಮತ್ತೆ ಎದ್ದು ನಿಲ್ಲಲು 1440ರ ದಶಕವೇ ಬರಬೇಕಾಯಿತು.

ತಪ್ಪು ಹುಡುಕಲೇಬೇಕೆಂದಿದ್ದರೆ ಲೇಖಕರು ಬೇರೆ ಕಡೆ ಹುಡುಕಬಹುದಿತ್ತು. ಯೋಂಗ್ಲೆಯ ತಂದೆಯ ಕಾಲದಿಂದಲೂ ಸಾಮಾನ್ಯ ಚೀನೀ ವರ್ತಕ ತನ್ನ ಹಡಗಿನಲ್ಲಿ ಹೊರದೇಶಕ್ಕೆ ಹೋಗಿ ವ್ಯಾಪಾರ ಮಾಡುವುದು ಅಪರಾಧವಾಗಿತ್ತು. ಸಮುದ್ರಕ್ಕೆ ಇಳಿಯುವ ಹಕ್ಕು ಅರಮನೆಯದಷ್ಟೇ ಆಗಿದ್ದುದರಿಂದ, ಅರಮನೆಯ ಹಡಗು ದಡ ಸೇರಿದ ಮೇಲೆ ಅದರ ಜಾಗಕ್ಕೆ ರಾಜಾರೋಷವಾಗಿ ಬರಬಲ್ಲವರು ಯಾರೂ ಇರಲಿಲ್ಲ, ಹೋದವರೆಲ್ಲ ಕಳ್ಳಸಾಗಣೆಗಾರರೆನಿಸಿದರು. ಆ ನಿಷೇಧ ಸಡಿಲವಾಗಿ ಫುಜಿಯನ್ ಕರಾವಳಿಯ ಯುವೆಗಾಂಗ್‌ನಿಂದ ಖಾಸಗಿ ಹಡಗುಗಳು ಪರವಾನಗಿ ಪಡೆದು ಹೊರಟದ್ದು 1567ರಲ್ಲಿ. ಅಷ್ಟರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದು ಅರವತ್ತೊಂಬತ್ತು ವರ್ಷಗಳಾಗಿದ್ದವು.

ಇತಿ,
ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ