ಮಗಳಿಗೊಂದು ಪತ್ರ: ವಾಲ್-ಈ ಹೊಟ್ಟೆಯಲ್ಲಿ ಸಿಕ್ಕಿದ್ದು

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು "ಅಪ್ಪಾ, ವಾಲ್-ಈ ಹೇಗಿದ್ದಾನೆ?" ಅಂದೆ. ನಾನು "ಇದ್ದಾನೆ" ಅಂದವನೇ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟೆ. ಆ ಹೊತ್ತಿಗೆ ವಾಲ್-ಈ, ಅದೇ ಸಿನಿಮಾದ ಆ ರೋಬೋನ ಹಾಗೆ ಲೆಗೋ ಪ್ಲಾಸ್ಟಿಕ್ ತುಣುಕು ಜೋಡಿಸಿ ನೀನು ಕಟ್ಟಿದ ಬೊಂಬೆ, ಊಟದ ಮೇಜಿನ ಮೇಲೆ ನಾಲ್ಕು ಸ್ಟೀಲ್ ತಟ್ಟೆಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ. ಬಿಚ್ಚಿದವನು ನಾನೇ. ಗಾಬರಿ ಆಗಬೇಡ, ಪೂರ್ತಿ ಓದು.

ಇಲ್ಲಿ ಆಟಿ ಮಳೆ. ಎರಡು ವಾರದಿಂದ ಬಿಸಿಲಿನ ಮುಖ ನೋಡಿಲ್ಲ. ನನ್ನ ಬೆಲ್ಟು, ಅಮ್ಮನ ಚಪ್ಪಲಿ, ಗೋಡೆಯ ಫೋಟೋಗಳ ಚೌಕಟ್ಟು, ಎಲ್ಲದರ ಮೇಲೂ ಬೂಷ್ಟು. ನಿನ್ನ ಕೋಣೆ ಗುಡಿಸಲು ಹೋದರೆ ಕಪಾಟಿನ ಮೇಲಿದ್ದ ವಾಲ್-ಈಯ ಚಕ್ರದ ಪಟ್ಟಿಗಳೂ ಬೆಳ್ಳಗಾಗಿದ್ದವು. ಬಟ್ಟೆಯಲ್ಲಿ ಒರೆಸಿದೆ. ಸಂದಿಯೊಳಗಿನದು ಬರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಆಗಲಿ, ಕಳೆ ಹೊಡೆಯುವ ಮಷಿನ್ ಆಗಲಿ, ಸಂದಿಯಲ್ಲಿ ಕೊಳೆ ಕೂತರೆ ಬಿಚ್ಚದೆ ತೊಳೆಯಲಾಗದು ಅನ್ನುವುದು ನನ್ನ ಕಸುಬಿನ ಪಾಠ. ಹಾಗೆ ಬಿಚ್ಚಿದೆ. ಬಿಸಿನೀರು 40 ಡಿಗ್ರಿ ದಾಟಬಾರದು ಅಂತ ಗೊತ್ತಿತ್ತು. ಉಗುರು ಬೆಚ್ಚಗಿನ ನೀರಿಗೆ ಸೋಪು ಹಾಕಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ತುಣುಕು ಉಜ್ಜಿದೆ. ಒಲೆಯ ಪಕ್ಕ ಬಟ್ಟೆ ಹಾಸಿ ಒಂದು ರಾತ್ರಿ ಆರಲು ಬಿಟ್ಟೆ.

700ಕ್ಕೆ ತುಸು ಕಡಿಮೆ ತುಣುಕು ಪುಟ್ಟಿ. ನೀನು ಮತ್ತು ಮಾವ ಅದನ್ನು ಎರಡು ದಿನದಲ್ಲಿ ಕಟ್ಟಿದಿರಿ. ನನಗೆ ಮೂರು ರಾತ್ರಿ ಬೇಕಾಯಿತು. ಆವತ್ತು ದೀಪಾವಳಿ ರಜೆಗೆ ಮಾವ ಬೆಂಗಳೂರಿನಿಂದ ಆ ಪೆಟ್ಟಿಗೆ ತಂದಾಗ "ಪ್ಲಾಸ್ಟಿಕ್ಕಿಗೆ ಇಷ್ಟು ದುಡ್ಡಾ?" ಅಂದಿದ್ದೆ. ಕಟ್ಟುವಾಗ ಹತ್ತಿರವೂ ಬಂದಿರಲಿಲ್ಲ. ಅಷ್ಟೊಂದು ದೊಡ್ಡ ಸಂಗತಿ ನನ್ನ ಮನೆಯ ನೆಲದ ಮೇಲೆ ನಡೆಯುತ್ತಿತ್ತು, ನಾನು ನೋಡಲಿಲ್ಲ.

ಈಗ ನೋಡಿದೆ. ಅದು ಬರೀ ಆಟದ ಸಾಮಾನಲ್ಲ. ಕಟ್ಟಿದವನಿಗೆ ಆ ಪಾತ್ರದ ಒಳಗು ಗೊತ್ತಿತ್ತು ಅನ್ನುವುದು ಕೈಗೇ ತಿಳಿಯುತ್ತದೆ. ಗೊತ್ತಿರಲೇಬೇಕು, ಯಾಕೆಂದರೆ ಅದನ್ನು ವಿನ್ಯಾಸ ಮಾಡಿದ ಆಂಗಸ್ ಮ್ಯಾಕ್‌ಲೇನ್ ಸಿನಿಮಾ ಕಂಪನಿ ಪಿಕ್ಸಾರ್‌ನಲ್ಲಿ ಅದೇ ಸಿನಿಮಾಕ್ಕೆ ಅನಿಮೇಟರ್ ಆಗಿದ್ದವನು. ಸಿನಿಮಾ ತಯಾರಾಗುತ್ತಿದ್ದ ಕಾಲದಲ್ಲೇ ಲೆಗೋ ತುಣುಕುಗಳಲ್ಲಿ ವಾಲ್-ಈಯನ್ನು ಕಟ್ಟಿ ಕಟ್ಟಿ ನೋಡುತ್ತಿದ್ದನಂತೆ. ಸಿನಿಮಾ ಬಂದದ್ದು 2008ರಲ್ಲಿ, ಪೆಟ್ಟಿಗೆ ಅಂಗಡಿಗೆ ಬಂದದ್ದು 2015ರಲ್ಲಿ. ನಡುವೆ, ಜನ ತಮ್ಮ ವಿನ್ಯಾಸ ಮುಂದಿಟ್ಟು ಬೆಂಬಲ ಕೇಳುವ ಲೆಗೋ ಕಂಪನಿಯ ತಾಣ ಲೆಗೋ ಐಡಿಯಾಸ್‌ನಲ್ಲಿ 10,000 ಜನ "ಇದು ನಮಗೆ ಬೇಕು" ಅಂತ ಬೆಂಬಲ ಕೊಟ್ಟ ಮೇಲೆ ಕಂಪನಿ ಕೈಗೆತ್ತಿಕೊಂಡಿತು. ಒಂದು ಬೊಂಬೆಯ ಮೇಲೆ ಒಬ್ಬ ಮನುಷ್ಯ ಅಷ್ಟು ವರ್ಷ ಪ್ರೀತಿ ಇಟ್ಟುಕೊಂಡಿದ್ದ ಅಂದರೆ ನನಗೆ ತುಂಬ ಗೌರವ ಅನ್ನಿಸುತ್ತದೆ.

ಕತ್ತಿನ ವಿಷಯ ಕೇಳು. ತಲೆ ದೊಡ್ಡದು, ಕತ್ತು ಸಪೂರ. ಮೊದಮೊದಲು ತಯಾರಾದವುಗಳಲ್ಲಿ ತಲೆ ಜೋಲು ಬೀಳುತ್ತಿತ್ತಂತೆ, ಆಮೇಲೆ ಕತ್ತಿನ ಜೋಡಣೆಯನ್ನೇ ಬದಲಿಸಿದರು. ನಮ್ಮದು ಆಮೇಲಿನದು. ಕತ್ತು ಕೂರಿಸಿ ತಲೆ ಇಟ್ಟೆ. ನೇರ ಇಟ್ಟಾಗ ಏನೂ ಅನ್ನಿಸಲಿಲ್ಲ. ಒಂದು ನೂಲಿನಷ್ಟು ಓರೆ ಮಾಡಿದೆ. ಅಷ್ಟೇ. "ಯಾಕೆ ಅಪ್ಪ?" ಅಂತ ಕೇಳಿದ ಹಾಗಾಯಿತು. ನೀನು ಮೂರು ವರ್ಷದವಳಿದ್ದಾಗ ಕಣದಲ್ಲಿ ಕೂತು ಹಾಗೇ ತಲೆ ಓರೆ ಮಾಡಿ ನೋಡುತ್ತಿದ್ದೆ. ಬಾಯಿಲ್ಲ, ಮೂಗಿಲ್ಲ, ಎರಡು ಕಣ್ಣು ಮತ್ತು ಒಂದು ಕತ್ತು. ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್ ಬೇಸ್‌ಬಾಲ್ ಆಟ ನೋಡಲು ಹೋದಾಗ ಯಾರದೋ ಬೈನಾಕ್ಯುಲರ್ ತಗೊಂಡು, ಅದನ್ನು ತನ್ನ ಕಡೆ ತಿರುಗಿಸಿ, ಮಡಚಿ ಬಿಡಿಸಿ ಆಡಿಸುತ್ತಾ ಆಟವನ್ನೇ ಮರೆತನಂತೆ. ಒಂದು ಕಡೆ ಬಗ್ಗಿಸಿದರೆ ದುಃಖ, ಇನ್ನೊಂದು ಕಡೆ ಬಗ್ಗಿಸಿದರೆ ಖುಷಿ. ವಾಲ್-ಈಯ ಮುಖ ಹುಟ್ಟಿದ್ದು ಅಲ್ಲಿ. ಅವನು ಓಡಾಡುವಾಗಿನ ಸದ್ದಿಗೆ ಬೆನ್ ಬರ್ಟ್ ಅನ್ನುವವರು ಕೈಯಿಂದ ತಿರುಗಿಸುವ ಹಳೆಯ ಜನರೇಟರ್ ಹುಡುಕಿ ತಂದು ಬಳಸಿದರು. ಇದು ತಿಳಿದ ಮೇಲೆ ಆ ಸಿನಿಮಾ ಇನ್ನೊಮ್ಮೆ ಹಾಕಿಸಿಕೊಂಡು, ಕಣ್ಣು ಮುಚ್ಚಿ ಬರೀ ಕೇಳಿದೆ. ಹೌದು, ಕೈಯಿಂದ ತಿರುಗಿಸುವ ಯಂತ್ರದ ಸದ್ದೇ. ವೇಗ ಹೆಚ್ಚಾದ ಹಾಗೆ ದನಿ ಏರುತ್ತದೆ.

ಈಗ ನಿಜವಾಗಿ ಬರೆಯಬೇಕಾದದ್ದಕ್ಕೆ ಬರುತ್ತೇನೆ.

2018ರ ಆಗಸ್ಟಿನ ಆ ಬೆಳಗ್ಗೆ ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ನಿನಗೆ 9 ವರ್ಷ. ರಾತ್ರಿಯಿಡೀ ಗುಡ್ಡದ ಒಳಗಿಂದ ಸದ್ದು. ಕೊಡಗಿನ ಮಕ್ಕಂದೂರಿನ ಆ ಮನೆಯ ಹಿಂದಿನ ಒರತೆಯಲ್ಲಿ ನೀರು ಕೆಂಪಗೆ ಬರತೊಡಗಿದಾಗ ಅಜ್ಜಿಯೇ ಮೊದಲು ಹೇಳಿದ್ದು, "ಇನ್ನು ಇಲ್ಲಿರಬೇಡಿ" ಅಂತ. ನಾನು ಪಹಣಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿದೆ. ನಿನಗೆ ನಿನ್ನ ಬಟ್ಟೆಯ ಚೀಲ ಹೊರಲು ಹೇಳಿದ್ದೆ. ಅಂಗಳ ದಾಟಿ ತಿರುಗಿ ನೋಡಿದರೆ ಚೀಲ ಇಲ್ಲ, ಎರಡೂ ಕೈಯಲ್ಲಿ ವಾಲ್-ಈ. ನಾನು ಬೈದೆ. ಬರೀ ಬೈದದ್ದಲ್ಲ, "ಜೀವ ಹೋಗೋ ಹೊತ್ತಲ್ಲಿ ಆಟದ ಸಾಮಾನಾ?" ಅಂತ ಎಲ್ಲರ ಎದುರು ಕೂಗಿದೆ. ನೀನು ಅಳಲಿಲ್ಲ, ಅವನನ್ನು ರೈನ್‌ಕೋಟಿನ ಒಳಗೆ ಸೇರಿಸಿಕೊಂಡೆ. ಪರಿಹಾರ ಕೇಂದ್ರದಲ್ಲಿ ಅಷ್ಟು ದಿನವೂ ನಿನಗೆ ಯಾರೋ ಕೊಟ್ಟ ದೊಡ್ಡ ಅಂಗಿಯೇ ಗತಿಯಾಯಿತು. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಮೊನ್ನೆ ಬಿಚ್ಚುವ ಮೊದಲು ಅವನ ಎದೆಯ ಮುಚ್ಚಳ ತೆಗೆದೆ. ಸಿನಿಮಾದಲ್ಲಿ ಅವನು ಕಸ ನುಂಗಿ ಘನ ಮಾಡಿ ಉಗುಳುವ ಜಾಗ. ನಾನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಒಳಗೆ ಒಣಗಿದ ಕೆಮ್ಮಣ್ಣು. ಅದರ ಜೊತೆ ಮೂರು ವಸ್ತು. ಅಜ್ಜಿಯ ಸುಣ್ಣದ ಡಬ್ಬಿಯ ಹಿತ್ತಾಳೆ ಮುಚ್ಚಳ. ಸಿಪ್ಪೆಯ ಸಮೇತ ಒಂದು ಕಾಫಿ ಬೀಜ. ಹೆಬ್ಬೆರಳಿನ ಉಗುರಿನಷ್ಟು ಹೆಂಚಿನ ಚೂರು, ಒಂದು ಕಡೆ ಇನ್ನೂ ಅಡುಗೆಮನೆಯ ಹೊಗೆಯ ಮಸಿ.

ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಆ ಮನೆಯದು ಒಂದು ಬಾಗಿಲು ಸಿಕ್ಕಲಿಲ್ಲ, ಒಂದು ಮಣೆ ಸಿಕ್ಕಲಿಲ್ಲ. ಗುಡ್ಡ ಎಲ್ಲವನ್ನೂ ಎಳೆದುಕೊಂಡು ಹೋಯಿತು. ನಾನು ತಂದ ಕಾಗದಗಳಿಂದ ಜಂಬೂರಿನ ಈ ಮನೆ ಬಂತು, ಅದು ಸುಳ್ಳಲ್ಲ. ಆದರೆ ಆ ಮನೆಯನ್ನೇ ಯಾರಾದರೂ ಎತ್ತಿಕೊಂಡು ಬಂದಿದ್ದರೆ ಅದು ನೀನು. 9 ವರ್ಷದ ನೀನು. ಯಾವಾಗ ಇಟ್ಟೆ ಇವನ್ನೆಲ್ಲ? ಆ ರಾತ್ರಿಯೇ ಇಟ್ಟೆಯಾ? ಅಥವಾ ಆ ರೋಬೋ ಊರೆಲ್ಲ ಸುತ್ತಿ ತನಗೆ ಚಂದ ಕಂಡದ್ದನ್ನು ಆಯ್ದು ತಂದು ಜೋಡಿಸಿಡುವ ಹಾಗೆ, ಮೊದಲಿಂದಲೇ ಕೂಡಿಡುತ್ತಿದ್ದೆಯಾ? ವಜ್ರದ ಉಂಗುರ ಎಸೆದು ಅದರ ಡಬ್ಬಿ ಇಟ್ಟುಕೊಳ್ಳುತ್ತಾನಲ್ಲ, ಆ ದೃಶ್ಯಕ್ಕೆ ನೀನು ಪ್ರತಿ ಸಲ ಚಪ್ಪಾಳೆ ತಟ್ಟುತ್ತಿದ್ದೆ.

ಬೈದದ್ದು ನನ್ನ ತಪ್ಪು ಪುಟ್ಟಿ. ಹೆದರಿಕೆಯಲ್ಲಿ ಬೈದೆ, ಆದರೆ ಆಮೇಲೆ ಹೆದರಿಕೆ ಹೋದ ಮೇಲೂ ಒಂದು ಮಾತು ಕೇಳಲಿಲ್ಲ. "ಅದನ್ನೇ ಯಾಕೆ ತಂದೆ ಮಗಳೇ?" ಅಂತ ಏಳು ವರ್ಷದಲ್ಲಿ ಒಮ್ಮೆ ಕೇಳಬಹುದಿತ್ತು. ಈಗ ಕೇಳುತ್ತಿದ್ದೇನೆ. ಬರೆಯಲು ಮನಸ್ಸಿಲ್ಲದಿದ್ದರೆ ಬಂದಾಗ ಹೇಳು.

ಸಿನಿಮಾದ ಕೊನೆಯಲ್ಲಿ ಅವನ ಗೆಳತಿ ರೋಬೋ ಈವ್ ಅವನ ಬಿಡಿಭಾಗಗಳನ್ನು ಬದಲಿಸಿ ಎಬ್ಬಿಸುತ್ತಾಳೆ, ಅವನು ಅವಳ ಗುರುತೇ ಇಲ್ಲದೆ ಕಸ ಅದುಮಲು ಹೊರಡುತ್ತಾನೆ. ಅಲ್ಲಿ ನೀನು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಬಿಚ್ಚಿದ್ದೇನೆ ಅಂತ ಓದಿದಾಗ ನಿನಗೆ ಅದೇ ನೆನಪಾಗಿರುತ್ತದೆ ಅಂತ ಗೊತ್ತು. ಇವನಲ್ಲಿ ಒಂದು ತುಣುಕೂ ಬದಲಾಗಿಲ್ಲ. ಪುಸ್ತಕ ನೋಡಿಕೊಂಡು ಒಂದೊಂದೇ ಎಣಿಸಿ ಹಾಕಿದ್ದೇನೆ. ಪಟ್ಟಿಯ ಕೊಂಡಿಗಳನ್ನು ಸೇರಿಸುವಾಗ ನನ್ನ ದಪ್ಪ ಬೆರಳಿಗೆ ಕಷ್ಟವಾಯಿತು, ಅಮ್ಮ ಸೇರಿಸಿಕೊಟ್ಟಳು. ಮೇಜಿನ ಮೇಲೆ ತಳ್ಳಿದರೆ ಪಟ್ಟಿ ಮೊದಲಿಗಿಂತ ಹಗುರವಾಗಿ ಉರುಳುತ್ತದೆ. ಎದೆಯ ಮಣ್ಣನ್ನು ಮಾತ್ರ ಏನು ಮಾಡುವುದೋ ತಿಳಿಯಲಿಲ್ಲ. ತೊಳೆದು ಚೆಲ್ಲಲು ಮನಸ್ಸು ಬರಲಿಲ್ಲ. ಒಂದು ಕಾಗದದಲ್ಲಿ ಪೊಟ್ಟಣ ಕಟ್ಟಿ ಇಟ್ಟಿದ್ದೇನೆ, ನೀನೇ ಹೇಳು. ಕಾಫಿ ಬೀಜ ಇನ್ನು ಮೊಳೆಯುವುದಿಲ್ಲ, ಅಷ್ಟು ಹಳೆಯ ಬೀಜಕ್ಕೆ ಜೀವ ಇರುವುದಿಲ್ಲ. ಆದರೆ ನಮ್ಮ ನರ್ಸರಿ ಪಾತಿಯಲ್ಲಿ ಈ ವರ್ಷದವು ತಲೆಯ ಮೇಲಿನ ಬೀಜದ ಟೋಪಿ ಬಿಟ್ಟು ಎರಡು ಎಲೆ ಬಿಡಿಸಿವೆ. ನನ್ನ ಹರಿದ ಗಮ್‌ಬೂಟಿಗೆ ಮಣ್ಣು ತುಂಬಿ ಅದರಲ್ಲಿ ಒಂದು ನೆಟ್ಟಿದ್ದೇನೆ. ಸಿನಿಮಾದಲ್ಲಿ ಅವನು ಸಸಿ ಇಟ್ಟುಕೊಂಡದ್ದೂ ಹಳೆ ಬೂಟಿನಲ್ಲೇ ಅಲ್ಲವೇ, ಯಾಕೆ ಬೂಟಿನಲ್ಲಿ ಅಂತ ನಿನಗೆ ಹೇಳಬೇಕಾಗಿಲ್ಲ.

ಸಂಪಾಜೆ ಘಾಟಿಯಲ್ಲಿ ಬಸ್ಸು ಓಡುತ್ತಿದ್ದರೆ ಬರುವ ಭಾನುವಾರ ನಾನೇ ಮಂಗಳೂರಿಗೆ ಬರುತ್ತೇನೆ. ಅವನನ್ನು ಮಡಿಲಲ್ಲಿ ಇಟ್ಟುಕೊಂಡೇ ತರುತ್ತೇನೆ, ಪಾರ್ಸೆಲ್ ಹಾಕುವುದಿಲ್ಲ. ಹೆಂಚಿನ ಚೂರು, ಬೀಜ ಎರಡನ್ನೂ ಇದ್ದ ಹಾಗೇ ಒಳಗಿಟ್ಟು ಮುಚ್ಚಿದ್ದೇನೆ.

ಸುಣ್ಣದ ಡಬ್ಬಿಯ ಮುಚ್ಚಳವನ್ನು ಅಜ್ಜಿಗೆ ತೋರಿಸಿದೆ. ಹತ್ತಿರ ಹಿಡಿದು ನೋಡಿದರು, ಸೆರಗಿನಲ್ಲಿ ಒರೆಸಿದರು, ಅಂಚಿನಲ್ಲಿ ಉಳಿದಿದ್ದ ಸುಣ್ಣವನ್ನು ಉಗುರಿನಿಂದ ಕೆರೆದು ನೋಡಿದರು. "ಇದು ಕಾಣೆಯಾಗಿ ಎಷ್ಟು ದಿನ ಹುಡುಕಿದೆ, ಗುಡ್ಡ ಕುಸಿಯುವುದಕ್ಕೂ ಮೊದಲು" ಅಂದರು. ನಿಮಗೇ ಇರಲಿ ಅಂತ ಕೊಡಹೋದೆ. ತೆಗೆದುಕೊಳ್ಳಲಿಲ್ಲ. "ಅವಳು ಎತ್ತಿಟ್ಟದ್ದಲ್ವಾ, ಎಲ್ಲಿತ್ತೋ ಅಲ್ಲೇ ಇಡು" ಅಂದರು. ಅಲ್ಲೇ ಇಟ್ಟಿದ್ದೇನೆ.

ನಿನ್ನ,
ಅಪ್ಪ