ಮಾಯದ ಹುಣ್ಣಿಗೆ ಶೀತ ಪ್ಲಾಸ್ಮಾ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ ರೈತನಿಗೆ ಕಬ್ಬಿನ ಕೂಳೆ ಚುಚ್ಚಿದ್ದು ಗೊತ್ತಾಗುವುದೇ ಇಲ್ಲ. ಗೊತ್ತಾಗುವ ಹೊತ್ತಿಗೆ ಗಾಯ ಹುಣ್ಣಾಗಿ ಕೀವು ತುಂಬಿರುತ್ತದೆ, ಎಷ್ಟೋ ಸಲ ಬೆರಳನ್ನೋ ಪಾದವನ್ನೋ ಕತ್ತರಿಸುವ ಮಾತೂ ಬರುತ್ತದೆ. ಗೋಕಾಕ, ರಾಯಬಾಗ, ಅಥಣಿ ಸೀಮೆಯವರಿಗೆ ಈ ಸಂಕಟ ಹೊಸದಲ್ಲ. ಇಂಥ ಹುಣ್ಣುಗಳಿಗೆ ಶೀತ ಪ್ಲಾಸ್ಮಾ (ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ ಹಾಯಿಸಿದ ಅನಿಲ) ಚಿಕಿತ್ಸೆ ಎಷ್ಟು ನೆರವಾಗುತ್ತದೆಂಬುದನ್ನು ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ (ಬಿಮ್ಸ್) ಶಾಸ್ತ್ರೀಯವಾಗಿ ಪರೀಕ್ಷಿಸಲು ತಾವು ಮುಂದಾಗಬೇಕೆಂಬುದು ನನ್ನ ಕೋರಿಕೆ.

ಆರ್ಗಾನ್‌ನಂತಹ ಅನಿಲಕ್ಕೆ ವಿದ್ಯುತ್ ಹಾಯಿಸಿ, ಅದರ ಅಲ್ಪ ಭಾಗವನ್ನಷ್ಟೇ ಅಯಾನುಗಳನ್ನಾಗಿ (ವಿದ್ಯುದಂಶ ಹೊತ್ತ ಕಣಗಳನ್ನಾಗಿ) ಮಾಡಿದರೆ ಎಲೆಕ್ಟ್ರಾನುಗಳು ಮಾತ್ರ ಹೆಚ್ಚು ಶಕ್ತಿ ಪಡೆಯುತ್ತವೆ. ಒಟ್ಟು ಅನಿಲ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನೊಳಗೇ ಉಳಿಯುವುದರಿಂದ ಚರ್ಮ ಸುಡುವುದಿಲ್ಲ. ಅದು ಗಾಳಿಯೊಡನೆ ಬೆರೆತಾಗ ಹುಟ್ಟುವ ನೈಟ್ರಿಕ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದವು ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಲ್ಲವು. ಇದಕ್ಕಿಂತ ಗಮನಾರ್ಹವಾದದ್ದು ಇನ್ನೊಂದಿದೆ. ಗಾಯವಾದಾಗ ನಮ್ಮ ಜೀವಕೋಶಗಳೂ ಇವೇ ಅಣುಗಳನ್ನು ತಯಾರಿಸಿ ಸಂಕೇತಗಳಾಗಿ ಬಳಸುತ್ತವೆ. ಆದ್ದರಿಂದ ಹದವಾದ ಪ್ರಮಾಣದ ಪ್ಲಾಸ್ಮಾ, ಚರ್ಮದ ಕೋಶಗಳು ಗಾಯದ ಅಂಚಿನಿಂದ ಒಳಕ್ಕೆ ಸರಿಯುವಂತೆ, ಹೊಸ ರಕ್ತನಾಳಗಳು ಚಿಗುರುವಂತೆ ಪ್ರಚೋದಿಸಬಹುದೆಂದು ಪ್ರಯೋಗಾಲಯದ ಅಧ್ಯಯನಗಳು ಸೂಚಿಸುತ್ತವೆ. ಪ್ರಮಾಣ ಮೀರಿದರೆ ಆರೋಗ್ಯವಂತ ಕೋಶಗಳಿಗೂ ಹಾನಿಯೇ.

2020ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣುಗಳ ಪೈಕಿ ಕೆಲವಕ್ಕೆ ಪ್ಲಾಸ್ಮಾ, ಉಳಿದವಕ್ಕೆ ಬರಿಯ ಅನಿಲ ಹಾಯಿಸಲಾಯಿತು. ಪ್ಲಾಸ್ಮಾ ಪಡೆದ ಹುಣ್ಣುಗಳು ಬೇಗ ಕುಗ್ಗಿದವು. ಆದರೆ ಬ್ಯಾಕ್ಟೀರಿಯಾ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗುಣವಾದದ್ದು ರೋಗಾಣು ಸತ್ತದ್ದರಿಂದಷ್ಟೇ ಅಲ್ಲ, ಅಂಗಾಂಶವೇ ಸ್ಪಂದಿಸಿರಬೇಕು. ಅಲ್ಲಿದ್ದ ರೋಗಿಗಳು ಐವತ್ತಕ್ಕೂ ಕಡಿಮೆ ಎಂಬುದನ್ನೂ ಮರೆಯುವಂತಿಲ್ಲ.

ಹಾಗಾಗಿಯೇ ಯಂತ್ರ ಖರೀದಿಗೆ ಅವಸರದ ಟೆಂಡರ್ ಬೇಡವೆಂದು ವಿನಂತಿಸುತ್ತೇನೆ. ಗಾಂಧಿನಗರದಲ್ಲಿ ಕೇಂದ್ರ ಸರ್ಕಾರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಿದೆ, ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ ಸಂಸ್ಥೆಯೊಂದಿದೆ. ಇವೆರಡರ ತಜ್ಞರನ್ನು ಬಿಮ್ಸ್ ವೈದ್ಯರೊಡನೆ ಕೂಡಿಸಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ರೋಗಿಗೆ ಕನ್ನಡದಲ್ಲಿ ಎಲ್ಲವನ್ನೂ ತಿಳಿಸಿ, ಮಾಮೂಲಿ ಡ್ರೆಸ್ಸಿಂಗ್ ಮಾತ್ರ ಪಡೆಯುವ ಗುಂಪಿನೊಡನೆ ಹೋಲಿಸುವ ಪ್ರಯೋಗ ನಡೆಯಲಿ. ಎರಡೂ ಗುಂಪುಗಳಿಗೆ ಸತ್ತ ಅಂಗಾಂಶ ತೆಗೆಯುವುದು, ಪಾದದ ಮೇಲಿನ ಭಾರ ಇಳಿಸುವುದು, ಸಕ್ಕರೆ ಹತೋಟಿ ಸಮನಾಗಿ ಸಿಗಲೇಬೇಕು. ಇವು ತಪ್ಪಿದರೆ ಯಾವ ಯಂತ್ರವೂ ಪಾದ ಉಳಿಸದು. ಹುಣ್ಣು ಮುಚ್ಚಿದ ಮೇಲೂ ಒಂದು ವರ್ಷ ನಿಗಾ ಇರಲಿ, ಫಲಿತಾಂಶ ಏನೇ ಬಂದರೂ ಪ್ರಕಟವಾಗಲಿ.

ಸುವರ್ಣ ವಿಧಾನಸೌಧದ ಮುಂದಿನ ಅಧಿವೇಶನದಲ್ಲಿ ಇದಕ್ಕೆ ಅನುದಾನ ಘೋಷಿಸಬೇಕೆಂದು ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಗೋಕಾಕ