ಹೆಸರು ಹೇಳದೆ ಹೋದ ಆ ಅಕ್ಕನಿಗೆ

2015ರ ಜುಲೈ ಕೊನೆಗೆ ಜಪಾನಿನ ಯಮಗುಚಿಯಲ್ಲಿ 23ನೇ ವಿಶ್ವ ಸ್ಕೌಟ್ ಜಾಂಬೂರಿ, ಅಂದರೆ ಬೇರೆ ಬೇರೆ ದೇಶಗಳ ಸ್ಕೌಟ್ ಮಕ್ಕಳ ದೊಡ್ಡ ಶಿಬಿರ, ಶುರುವಾಯಿತಲ್ವಾ, ನಮ್ಮ ಮಗ ಅದಕ್ಕೆ ಹೋಗಿದ್ದು ನಿಮ್ಮಿಂದ. ಪಾಸ್‌ಪೋರ್ಟಿಗೆ ಬೇಕಿದ್ದ ಒಂದು ಕಾಗದದ ಅರ್ಜಿ ಪೂರ್ತಿ ಮಲಯಾಳದಲ್ಲಿತ್ತು. ಕುಂಬಳೆ ಕಡೆಯ ನಮಗೆ ಆ ಮಾತು ಬರುತ್ತದೆ, ಓದಲು ಬರುವುದಿಲ್ಲ. ಕಾಸರಗೋಡಿನ ಕಚೇರಿ ವರಾಂಡದಲ್ಲಿ ನೀವು ಊಟಕ್ಕೂ ಏಳದೆ, ಒಂದೊಂದು ಸಾಲಿಗೂ ಬೆರಳಿಟ್ಟು ಕನ್ನಡದಲ್ಲಿ ಹೇಳಿ, ಮಗನ ಕೈಯಲ್ಲೇ ತುಂಬಿಸಿದಿರಿ. ಹೆಸರು ಕೇಳುವಷ್ಟರಲ್ಲಿ ಬದಿಯಡ್ಕ ಬಸ್ಸು ಹತ್ತಿದ್ದಿರಿ.

ಜಪಾನಿನಲ್ಲಿ ಸಿಕ್ಕಾಪಟ್ಟೆ ಸೆಖೆಯಂತೆ. ನೂರೈವತ್ತಕ್ಕೂ ಜಾಸ್ತಿ ದೇಶಗಳ ಮಕ್ಕಳು, ಎಲ್ಲರೂ ಟೆಂಟಿನಲ್ಲೇ. ಹಿರೋಶಿಮಾಕ್ಕೂ ಕರೆದುಕೊಂಡು ಹೋಗಿದ್ದರು. ಅದನ್ನು ಅವನು ಇವತ್ತಿಗೂ ಹೇಳುತ್ತಾನೆ. ಬೇರೆ ಮಕ್ಕಳ ಜೊತೆ ಬದಲಾಯಿಸಿಕೊಂಡ ಸ್ಕಾರ್ಫುಗಳಲ್ಲಿ ಒಂದನ್ನು ನಿಮಗೆಂದೇ ತೆಗೆದಿಟ್ಟಿದ್ದಾನೆ. ತುಂಬಾ ಉಪಕಾರವಾಯಿತು ಅಕ್ಕ. ಇದನ್ನು ಓದಿದರೆ ದಯವಿಟ್ಟು ಒಂದು ಸಲ ಮನೆಗೆ ಬನ್ನಿ.